ಇಪ್ಪತ್ತಾರು ಅಂಕಿ, ಇಪ್ಪತ್ತೆಂಟು ಸೆಕೆಂಡು

ಯುಗಾದಿಗೆ ಬಬ್ಬೂರಿಗೆ ಹೋಗಿದ್ದೆ. ಅಕ್ಕನ ಮಗಳು ಜಗಲಿ ಮೇಲೆ ಮುಖ ಊದಿಸಿಕೊಂಡು ಕೂತಿದ್ಳು. ಆರನೇ ಕ್ಲಾಸು. ಹಿರಿಯೂರಲ್ಲಿ ಯಾವುದೋ ಸ್ಪೀಡ್ ಮ್ಯಾಥ್ಸ್ ಕ್ಲಾಸಿಗೆ ವಾರಕ್ಕೆರಡು ದಿನ ಹೋಗ್ತಾಳೆ. ಅಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು 40 ಲೆಕ್ಕ ಕೊಟ್ಟಿದ್ರಂತೆ. ಇವಳು ಮಾಡಿದ್ದು 23. ಆ 23ರಲ್ಲಿ ಒಂದೂ ತಪ್ಪಿಲ್ಲ, ಪೇಪರ್ ನಾನೇ ನೋಡ್ದೆ. ಆದ್ರೂ ಮೇಲೆ ಕೆಂಪು ಇಂಕಲ್ಲಿ ‘ನಿಧಾನ’ ಅಂತ ಬರೆದು ಎರಡು ಗೆರೆ ಎಳೆದಿದ್ರು.

"ಮಾಮ, ನಂಗೆ ಗಣಿತ ಬರಲ್ಲ" ಅಂದ್ಲು.

ಈ ಮಾತು ಕೇಳಿ ನನಗೆ ಸಿಟ್ಟು ಬಂತು. ಯಾಕಂದ್ರೆ ನಂದು ಇದಕ್ಕೆ ಪೂರಾ ಉಲ್ಟಾ ಕಥೆ. ಚಿಕ್ಕೋನಿದ್ದಾಗ ನಾನು ಊರಿನ ‘ಕಂಪ್ಯೂಟರ್’. ತೆಂಗಿನಕಾಯಿ ವ್ಯಾಪಾರಿ ಗಾಡಿ ನಿಲ್ಲಿಸಿದ ತಕ್ಷಣ ತಾತ ನನ್ನ ಕರೀತಿದ್ರು. ಸಾವಿರಕ್ಕಿಷ್ಟು ಅಂತ ಅವನು ಹೇಳಿ ಮುಗಿಸೋದರೊಳಗೆ ನಾನು ಒಟ್ಟು ಹೇಳ್ತಿದ್ದೆ. ಇದನ್ನೇ ಗಣಿತ ಅಂದ್ಕೊಂಡು ಬಿಇಗೆ ಹೋದೆ. ಮೊದಲ ಸೆಮಿಸ್ಟರಿನ ಗಣಿತದಲ್ಲೇ ಡುಮ್ಕಿ. ‘ಸಾಧಿಸಿ ತೋರಿಸಿ’ ಅನ್ನೋ ಪ್ರಶ್ನೆ ಎದುರಿಗೆ ಬಂದಾಗ ನನ್ನ ವೇಗ ತಗೊಂಡು ಏನ್ ಮಾಡಬೇಕು ಅಂತಲೇ ಗೊತ್ತಾಗಲಿಲ್ಲ. ವೇಗ ಇದ್ದವನಿಗೆ ಗಣಿತ ಬರುತ್ತೆ ಅಂದ್ರು, ಬರಲಿಲ್ಲ. ವೇಗ ಇಲ್ಲದ ಇವಳಿಗೆ ಬರಲ್ಲ ಅಂತಿದ್ದಾರೆ.

ಕ್ಲಾಸಿನವರು ಕೊಟ್ಟ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಶಕುಂತಲಾ ದೇವಿಯವರ ಫೋಟೋ ಇತ್ತು. ಪಕ್ಕದಲ್ಲಿ ಆ ಪ್ರಸಿದ್ಧ ಗುಣಾಕಾರ:

7,686,369,774,870 × 2,465,099,745,779 = 18,947,668,177,995,426,462,773,730

ಕೆಳಗೆ ‘28 ಸೆಕೆಂಡುಗಳಲ್ಲಿ!’

ಈ ಪ್ರಸಂಗ ಎಲ್ಲರಿಗೂ ಗೊತ್ತು. 1980ರ ಜೂನ್ 18, ಲಂಡನ್ನಿನ ಇಂಪೀರಿಯಲ್ ಕಾಲೇಜು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಮನಸ್ಸಿಗೆ ಬಂದಂತೆ ಆರಿಸಿದ ಎರಡು 13 ಅಂಕಿ ಸಂಖ್ಯೆಗಳು. 28 ಸೆಕೆಂಡಲ್ಲಿ ಉತ್ತರ. ಗಿನ್ನೆಸ್ ಪುಸ್ತಕದಲ್ಲಿ ಬಂತು. ಅವರು ತೀರಿಕೊಂಡಿದ್ದು 2013ರಲ್ಲಿ, ಪ್ರಮಾಣಪತ್ರ ಬಂದಿದ್ದು 2020ರಲ್ಲಿ, ಅದೂ ಅವರ ಮೇಲಿನ ಸಿನಿಮಾ ಬಿಡುಗಡೆ ಆಗೋ ಹೊತ್ತಿಗೆ. ಬೆಂಗಳೂರಲ್ಲಿ ಹುಟ್ಟಿದ, ಶಾಲೆ ಮೆಟ್ಟಿಲು ಸರಿಯಾಗಿ ಹತ್ತದ, ಸರ್ಕಸ್ಸಿನಲ್ಲಿದ್ದ ಅಪ್ಪನ ಜೊತೆ ಪ್ರದರ್ಶನ ಕೊಡ್ತಾ ಬೆಳೆದ ಕನ್ನಡದ ಹೆಣ್ಣುಮಗಳು. ಹೆಮ್ಮೆ ನನಗೂ ಇದೆ. ನನ್ನ ತಕರಾರು ಅವರ ಮೇಲಲ್ಲ, ಆ ರಟ್ಟಿನ ಮೇಲೆ.

ಹುಡುಗಿ ಆ ಸಂಖ್ಯೆ ಮೇಲೆ ಬೆರಳಿಟ್ಟು ಕೇಳಿದ್ಲು: "ಮಾಮ, ಇದು ಸರಿ ಅಂತ ಯಾರು ನೋಡಿದ್ರು?"

ಕ್ಲಾಸಲ್ಲಿ ಇದನ್ನೇ ಕೇಳಿದ್ದಕ್ಕೆ ‘ಕಂಪ್ಯೂಟರ್ ನೋಡಿದೆ, ನೀನು ನಿನ್ನ ಲೆಕ್ಕ ಮಾಡು’ ಅಂದ್ರಂತೆ. ಸ್ವಾಮಿ, ಇಡೀ ಪುಸ್ತಕದಲ್ಲಿ ಇದ್ದ ಒಂದೇ ಗಣಿತದ ಪ್ರಶ್ನೆ ಅದು. ನಲವತ್ತು ವರ್ಷದಿಂದ ಪೇಪರುಗಳಲ್ಲಿ, ಕ್ವಿಜ್ ಪುಸ್ತಕಗಳಲ್ಲಿ, ವಾಟ್ಸಾಪಲ್ಲಿ ಈ 26 ಅಂಕಿ ಅಚ್ಚಾಗ್ತಾನೇ ಇದೆ. ಅದನ್ನ ಓದಿದೋರು ಎಷ್ಟು ಜನ? ನಾನೂ ಓದಿರಲಿಲ್ಲ. ಕಣ್ಣು ಸೀದಾ ‘28’ಕ್ಕೆ ಹೋಗಿಬಿಡುತ್ತೆ.

ಸರಿ, ಚಾಕ್‌ಪೀಸ್ ತಗೊಂಡು ಜಗಲಿ ಮೇಲೇ ಕೂತ್ವಿ.

ಮೊದಲು ಒಂಬತ್ತರ ಜರಡಿ. ಮೊದಲ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿದ್ರೆ 78, ಅದನ್ನ 9ರಿಂದ ಭಾಗಿಸಿದ್ರೆ ಶೇಷ 6. ಎರಡನೇದು 74, ಶೇಷ 2. ಆರೆರಡ್ಲ ಹನ್ನೆರಡು, ಅದರ ಶೇಷ 3. ಹಾಗಾದ್ರೆ ಉತ್ತರದ ಶೇಷವೂ 3 ಇರಲೇಬೇಕು. 26 ಅಂಕಿಗಳನ್ನ ಅವಳೇ ಕೂಡಿದ್ಲು, ಎರಡು ಸಲ. 138 ಬಂತು. ಶೇಷ 3. ಅವಳ ಮುಖ ಆಗ ನೋಡಬೇಕಿತ್ತು.

ಆದ್ರೆ ಒಂಬತ್ತರ ಜರಡಿಯ ಕಣ್ಣು ದೊಡ್ಡದು. ಎರಡು ಅಂಕಿ ಅದಲುಬದಲಾದ್ರೆ ಅದಕ್ಕೆ ಗೊತ್ತೇ ಆಗಲ್ಲ. ಅದಕ್ಕೇ ಹನ್ನೊಂದರದ್ದು ಹಿಡಿದ್ವಿ. ಒಂದು ಬಿಟ್ಟು ಒಂದು ಅಂಕಿ ಕೂಡಿ, ಉಳಿದವನ್ನ ಬೇರೆ ಕೂಡಿ, ಕಳೆಯೋದು. ಎರಡನೇ ಸಂಖ್ಯೆಗೆ ಮಾಡಿದಾಗ ವ್ಯತ್ಯಾಸ ಸೊನ್ನೆ. ಅಂದ್ರೆ 2,465,099,745,779 ಅನ್ನೋದನ್ನ 11 ನಿಶ್ಶೇಷವಾಗಿ ಭಾಗಿಸುತ್ತೆ. ಹಾಗಿದ್ರೆ ಗುಣಲಬ್ಧವನ್ನೂ ಭಾಗಿಸಲೇಬೇಕು. 26 ಅಂಕಿಯಲ್ಲಿ ಬೆಸ ಸ್ಥಾನದ ಹದಿಮೂರು ಕೂಡಿದ್ರೆ 69. ಸಮ ಸ್ಥಾನದ ಹದಿಮೂರು ಕೂಡಿದ್ರೆ... 69!

"ಮಾಮ, ಎರಡೂ ಕಡೆ ತಕ್ಕಡಿ ಸಮ ಐತೆ!" ಅಂತ ಕೂಗಿದ್ಲು. ಒಳಗಿಂದ ಅಮ್ಮ ಏನಾಯ್ತೋ ಅಂತ ಓಡಿ ಬಂದ್ರು.

ನಾನು ಈ ಗುಣಾಕಾರವನ್ನ ಕಮ್ಮಿ ಅಂದ್ರೂ ನೂರು ಸಲ ಅಚ್ಚಿನಲ್ಲಿ ನೋಡಿದ್ದೀನಿ. ಅದರೊಳಗೆ ಈ 69-69ರ ತಕ್ಕಡಿ ಇದೆ ಅಂತ ಯಾರೂ ಹೇಳಿದ್ದು ಕೇಳಿಲ್ಲ. ಅದಕ್ಕೆ ಜೀನಿಯಸ್ ಬೇಕಿಲ್ಲ, ಬಳಪ ಸಾಕಿತ್ತು.

ಇನ್ನೊಂದು ಜರಡಿ ನನಗೆ ಇಷ್ಟ, ಅದನ್ನೂ ತೋರಿಸ್ದೆ. 1001 ಅಂದ್ರೆ 7 × 11 × 13. ದೊಡ್ಡ ಸಂಖ್ಯೆಯನ್ನ ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ, ಒಂದನ್ನ ಕೂಡಿ ಮುಂದಿನದನ್ನ ಕಳೀತಾ ಹೋದ್ರೆ, 1001ರಿಂದ ಭಾಗಿಸಿದಾಗಿನ ಶೇಷಕ್ಕೆ ಸಮನಾದದ್ದು ಸಿಗುತ್ತೆ. ಮೊದಲನೇದು: 870 − 774 + 369 − 686 + 7, ಅಂದ್ರೆ −214. ಎರಡನೇದು ಇದೇ ಥರ −330. ಗುಣಲಬ್ಧದ್ದು 550. ಈಗ −214 ಮತ್ತು −330 ಗುಣಿಸಿದ್ರೆ 70620. ಅದರಲ್ಲಿ 550 ಕಳೆದ್ರೆ 70070. ಅದು 1001ರ ಎಪ್ಪತ್ತರಷ್ಟು, ಒಂದು ಕೂದಲೂ ಆಚೀಚೆ ಇಲ್ಲ. ಯದ್ವಾತದ್ವಾ ತಪ್ಪಿದ ಉತ್ತರ ಒಂಬತ್ತರದ್ದು, 1001ರದ್ದು ಎರಡೂ ಜರಡಿ ದಾಟೋ ಸಾಧ್ಯತೆ ಸುಮಾರು 9009ರಲ್ಲಿ ಒಂದು. ಇದು ಉತ್ತರ ಸರಿ ಅನ್ನೋದಕ್ಕೆ ಪೂರ್ತಿ ಪುರಾವೆ ಅಲ್ಲ, ಅದನ್ನೂ ಅವಳಿಗೆ ಹೇಳ್ದೆ. ಆದ್ರೆ ಲಂಡನ್ನಿನ ಕಂಪ್ಯೂಟರನ್ನ ನಂಬಿ ಕೂರೋದಕ್ಕೂ ಬಬ್ಬೂರಿನ ಜಗಲಿಯಲ್ಲಿ ಇಷ್ಟು ದೂರ ಬರೋದಕ್ಕೂ ವ್ಯತ್ಯಾಸ ಇದೆ.

ಹಾಗೇ ಇನ್ನಷ್ಟು ಗೊತ್ತಾಯ್ತು. ಎರಡು ದೊಡ್ಡ ಸಂಖ್ಯೆ ಗುಣಿಸಿ ಬಂದದ್ದು ಸಂಯುಕ್ತ ಸಂಖ್ಯೆ ಅನ್ನೋದು ಹೇಳಬೇಕಾದ್ದೇ ಇಲ್ಲ. ಅದರ ಅಪವರ್ತನಗಳಲ್ಲಿ 2 ಇದೆ, 3 ಇದೆ, 5 ಇದೆ, 11 ಇದೆ. ಅಂದ್ರೆ 330ರಿಂದ ಭಾಗ ಆಗುತ್ತೆ. 7 ಮತ್ತು 13 ಇಲ್ಲ. 2, 3, 5 ಒಂದೊಂದೇ ಸಲ ಇವೆ. ಕೊನೆಯ ಎರಡಂಕಿ 30 ಆಗಿರೋದ್ರಿಂದ 4ಕ್ಕೂ 25ಕ್ಕೂ ಬಗ್ಗಲ್ಲ, ಅಂಕಿಗಳ ಮೊತ್ತದ ಶೇಷ 3 ಆಗಿರೋದ್ರಿಂದ 9ಕ್ಕೂ ಬಗ್ಗಲ್ಲ.

ಇನ್ನು ಆ 28 ಸೆಕೆಂಡಿನ ವಿಷಯ. ಇದನ್ನ ಎತ್ತಿದ್ರೆ ನಮ್ಮವರಿಗೆ ಕೋಪ ಬರುತ್ತೆ, ಬರಲಿ. ಒಂದೊಂದು ಸಂಖ್ಯೆಯಲ್ಲೂ ಒಂದೊಂದು ಸೊನ್ನೆ ಇದೆ. ಅದು ಬಿಟ್ರೆ 12 × 12, ಅಂದ್ರೆ 144 ಮಗ್ಗಿ ಗುಣಾಕಾರ. ಅದಾದ್ಮೇಲೆ ದಶಕ ಹೊತ್ತುಕೊಂಡು ಕೂಡೋದು. 28 ಸೆಕೆಂಡಿಗೆ ಹಂಚಿದ್ರೆ ಸೆಕೆಂಡಿಗೆ ಐದಕ್ಕಿಂತ ಜಾಸ್ತಿ ಗುಣಾಕಾರ, ಕೂಡೋದು ಬೇರೆ. 26 ಅಂಕಿ ಬಾಯಲ್ಲಿ ಹೇಳೋಕೇ ಒಂದಷ್ಟು ಸೆಕೆಂಡು ಬೇಕು. ಮನೋಗಣಿತದ ಪ್ರತಿಭಾವಂತರ ಮೇಲೆ 1983ರಲ್ಲಿ ಪುಸ್ತಕ ಬರೆದ ಸ್ಟೀವನ್ ಸ್ಮಿತ್, ಈ ಸಮಯ ಅಲ್ಲಿಯವರೆಗೆ ದಾಖಲಾದ ಯಾವುದಕ್ಕೂ ಹೊಂದಲ್ಲ ಅಂತ ಬಲವಾದ ಅನುಮಾನ ವ್ಯಕ್ತಪಡಿಸಿದ್ರು. ನನಗನ್ನಿಸೋದು, ಅನುಮಾನ ಪಡೋದು ಅವಮಾನ ಅಲ್ಲ. ಗಡಿಯಾರ ಯಾವಾಗ ಶುರು ಮಾಡಿದ್ರು, ಎಲ್ಲಿಗೆ ನಿಲ್ಲಿಸಿದ್ರು ಅಂತ ಕೇಳೋದು ಯಾವ ಲ್ಯಾಬಿನಲ್ಲಾದ್ರೂ ಮೊದಲನೇ ಪ್ರಶ್ನೆ. ಇನ್ನೊಂದು ಕಡೆ, 1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನ ಕೂರಿಸಿ ಪರೀಕ್ಷೆ ಮಾಡಿ, 1990ರಲ್ಲಿ ಪ್ರಕಟಿಸಿದ್ರು. 61,629,875ರ ಘನಮೂಲ, 170,859,375ರ 7ನೇ ಮೂಲ ಕೊಟ್ರೆ, ಜೆನ್ಸನ್ ತಮ್ಮ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಳ್ಳೋದರೊಳಗೆ 395, 15 ಅಂತ ಉತ್ತರ ಬಂದಿತ್ತು. ಅದರ ಬಗ್ಗೆ ಅನುಮಾನ ಬೇಡ. ಆಯಮ್ಮ ಅಸಾಧ್ಯದ ಕೆಲಸಗಾರ್ತಿ. 28 ಸೆಕೆಂಡಿನ ಬದಲು ಅದು ಒಂದು ನಿಮಿಷ ಆಗಿದ್ರೂ ನಾನು ಕೈಮುಗೀತಿದ್ದೆ.

ನನಗೆ ನಿಜಕ್ಕೂ ತಲೆ ಕೆಡಿಸಿದ್ದು ಅವರ ಇನ್ನೊಂದು ಸಂಖ್ಯೆ. 1977ರಲ್ಲಿ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಯ ಸಂಖ್ಯೆಯೊಂದರ 23ನೇ ಮೂಲ ಹೇಳಿದ್ರು. 50 ಸೆಕೆಂಡು. ಉತ್ತರ 546,372,891. ಯೂನಿವ್ಯಾಕ್ ಕಂಪ್ಯೂಟರಿಗೆ 62 ಸೆಕೆಂಡು ಬೇಕಾಯ್ತು ಅನ್ನೋ ಮಾತು ಎಲ್ಲ ಕಡೆ ಇದರ ಜೊತೆಗೇ ಬರುತ್ತೆ, ಯಂತ್ರವನ್ನ ಸೋಲಿಸಿದ ಕನ್ನಡತಿ ಅಂತ.

201 ಅಂಕಿ ಅಂದ ತಕ್ಷಣ ಬಾಯಿ ಬಿಡ್ತೀವಿ. ಆದ್ರೆ ಉತ್ತರ ನೋಡಿ: 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರವರೆಗಿನ ಅಂಕಿ ಎಲ್ಲ ಒಂದೊಂದು ಸಲ! ಅಂದ್ರೆ ಯಾರೋ ಕೂತು ಮೂಲವನ್ನ ಮೊದಲು ಆರಿಸಿ, ಆಮೇಲೆ 23 ಸಲ ಗುಣಿಸಿ ದೊಡ್ಡದು ಮಾಡಿದ್ದಾರೆ. ಒಂದರಿಂದ ಒಂಬತ್ತು ಕೂಡಿದ್ರೆ 45, ಹಾಗಾಗಿ ಹೇಗೇ ಜೋಡಿಸಿದ್ರೂ 9ರಿಂದ ಭಾಗ ಆಗುತ್ತೆ. ಇದು ಇನ್ನೊಂದು ಸಲ 3ರಿಂದಲೂ ಆಗುತ್ತೆ: 27 × 20,236,033. ಆದ್ದರಿಂದ ಆ 201 ಅಂಕಿಯ ದೈತ್ಯನನ್ನ 3ರಿಂದ 69 ಸಲ ಭಾಗಿಸಬಹುದು, 70ನೇ ಸಲ ಆಗಲ್ಲ. (ಮತ್ತೆ 69! ಇದು ಬರೀ ಕಾಕತಾಳೀಯ, ಜ್ಯೋತಿಷ್ಯ ಹುಡುಕಬೇಡಿ.)

ಈಗ ಗುಟ್ಟು. ಆ ಸಂಖ್ಯೆ 916748 ಅಂತ ಶುರುವಾಗಿ 71 ಅಂತ ಮುಗಿಯುತ್ತೆ. ಕೊನೆ ಅಂಕಿ ಬೆಸ ಇದ್ದು, 5 ಅಲ್ಲದ ಯಾವ ಸಂಖ್ಯೆಯನ್ನಾದ್ರೂ 20ನೇ ಘಾತಕ್ಕೆ ಏರಿಸಿದ್ರೆ ಕೊನೆಯ ಎರಡಂಕಿ 01 ಬರುತ್ತೆ. ಹಾಗಾಗಿ 23ನೇ ಘಾತದ ಬಾಲ, ಘನದ ಬಾಲ ಎರಡೂ ಒಂದೇ. ಯಾವುದರ ಘನ 71ರಲ್ಲಿ ಮುಗಿಯುತ್ತೆ? 91ರದ್ದು ಮಾತ್ರ. 91 × 91 = 8281, ಆ 81ನ್ನ ಮತ್ತೆ 91ರಿಂದ ಗುಣಿಸಿದ್ರೆ 7371. ಬಾಲ ಸಿಕ್ತು. ತಲೆಗೆ ಲಾಗರಿದಮ್. 201 ಅಂಕಿಯ, 9.16748ರಿಂದ ಶುರುವಾಗೋ ಸಂಖ್ಯೆಯ ಲಾಗ್ ಸುಮಾರು 200.96225. ಅದನ್ನ 23ರಿಂದ ಭಾಗಿಸಿದ್ರೆ 8.73749. ಅಲ್ಲಿಂದ ವಾಪಸ್ ಬಂದ್ರೆ 54 ಕೋಟಿ 63 ಲಕ್ಷದ ಹತ್ತಿರ. ಲಾಗನ್ನ ಇನ್ನಷ್ಟು ದಶಮಾಂಶದವರೆಗೆ ನಿಖರವಾಗಿ ಇಟ್ಕೊಂಡ್ರೆ, ಮುಂದಿನ ಆರು ಅಂಕಿಯಿಂದಲೇ ಮೂಲ ಮೂವತ್ತರ ಅಗಲದ ಒಂದು ಸಂದಿಗೆ ಬಂದು ನಿಲ್ಲುತ್ತೆ. ಯಾಕಂದ್ರೆ 23ನೇ ಮೂಲ ತೆಗೆದಾಗ ತಪ್ಪೂ 23 ಪಾಲು ಕುಗ್ಗುತ್ತೆ. ಆ ಸಂದಿಯಲ್ಲಿ 91ರಲ್ಲಿ ಮುಗಿಯೋದು ಒಂದೇ ಒಂದು. ಮಧ್ಯದ 193 ಅಂಕಿ? ಕಣ್ಣೆತ್ತಿ ನೋಡಬೇಕಾಗಿಲ್ಲ!

ಅವರು ಹೀಗೇ ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಹೀಗೂ ಆಗುತ್ತೆ ಅಂತಿದ್ದೀನಿ. ಲಾಗನ್ನ ಎಂಟೊಂಬತ್ತು ದಶಮಾಂಶ ತಲೆಯಲ್ಲಿ ಇಟ್ಕೊಂಡು 50 ಸೆಕೆಂಡಲ್ಲಿ ಮಾಡೋಕೆ ನನ್ನಿಂದ ಏಳು ಜನ್ಮಕ್ಕೂ ಆಗಲ್ಲ. ಆದ್ರೆ ಗೊತ್ತಾದ್ಮೇಲೆ ನನ್ನ ಬೆರಗು ಜಾಗ ಬದಲಾಯಿಸ್ತು. 201 ಅಂಕಿಯ ಪ್ರಶ್ನೆಗಿಂತ 26 ಅಂಕಿಯ ಗುಣಾಕಾರವೇ ಕಷ್ಟದ್ದು. ಅಲ್ಲಿ ಯಾವ ಅಂಕಿಯನ್ನೂ ಹಾರಿಸೋ ಹಾಗಿಲ್ಲ. ರಟ್ಟಿನ ಮೇಲೆ ಬರೆಯೋರಿಗೆ ಇದು ಗೊತ್ತಿರಲ್ಲ, ಅಂಕಿ ಜಾಸ್ತಿ ಇದ್ರೆ ಸಾಧನೆ ದೊಡ್ಡದು ಅಂತ ಅವರ ಲೆಕ್ಕ.

ಅದೇ 1977ರಲ್ಲಿ ಇನ್ನೊಂದು ದೊಡ್ಡ ಸಂಯುಕ್ತ ಸಂಖ್ಯೆ ಅಚ್ಚಾಯ್ತು. ಇದು ನನ್ನ ಅನ್ನದ ವಿಷಯ. ಮಾರ್ಟಿನ್ ಗಾರ್ಡ್ನರ್ ಅವರ ಅಂಕಣದಲ್ಲಿ, ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಆಗಸ್ಟ್ ಸಂಚಿಕೆ. ರಿವೆಸ್ಟ್, ಶಮೀರ್, ಏಡಲ್‌ಮನ್ ಅನ್ನೋ ಮೂವರು ಒಂದು 129 ಅಂಕಿಯ ಸಂಖ್ಯೆ ಕೊಟ್ಟು, ಅದರಿಂದ ಬೀಗ ಹಾಕಿದ ಗುಪ್ತ ಸಂದೇಶವನ್ನ ಬಿಡಿಸಿದೋರಿಗೆ 100 ಡಾಲರ್ ಅಂದ್ರು. 201 ಅಂಕಿಯದ್ದಕ್ಕಿಂತ 72 ಅಂಕಿ ಚಿಕ್ಕದು. ಅದು ಒಡೆದಿದ್ದು 1994ರ ಏಪ್ರಿಲ್‌ನಲ್ಲಿ, 17 ವರ್ಷದ ನಂತರ. ಸುಮಾರು 600 ಸ್ವಯಂಸೇವಕರು, 1600ರಷ್ಟು ಯಂತ್ರ, ಎಂಟು ತಿಂಗಳ ಲೆಕ್ಕ. ಒಳಗೆ ಸಿಕ್ಕಿದ್ದು 64 ಅಂಕಿಯ ಒಂದು ಅವಿಭಾಜ್ಯ, 65 ಅಂಕಿಯ ಇನ್ನೊಂದು.

ಒಂದೇ ವರ್ಷ, ಎರಡು ಸಂಖ್ಯೆ. ದೊಡ್ಡದಕ್ಕೆ 50 ಸೆಕೆಂಡು, ಚಿಕ್ಕದಕ್ಕೆ 17 ವರ್ಷ. ದೊಡ್ಡದರೊಳಗೆ ಒಂದೇ ಇಟ್ಟಿಗೆ 23 ಸಲ ಜೋಡಿಸಿದೆ, ಮೇಲ್ಗಡೆ ಕೆಳಗಡೆ ತಟ್ಟಿದ್ರೆ ಗೊತ್ತಾಗಿಬಿಡುತ್ತೆ. ಚಿಕ್ಕದರಲ್ಲಿ ಎರಡೇ ಇಟ್ಟಿಗೆ, ಸಂದು ಎಲ್ಲಿದೆ ಅಂತ ಹೊರಗಿಂದ ಕಾಣಲ್ಲ. ಆ ಎರಡು ಇಟ್ಟಿಗೆ ಕೈಗೆ ಕೊಟ್ರೆ ಮಾತ್ರ ಗುಣಿಸಿ ನೋಡೋದು ನಮ್ಮ ಹುಡುಗಿಯಿಂದಲೂ ಆಗುತ್ತೆ, ಒಂದು ದಿನ ಹಿಡಿಯಬಹುದು ಅಷ್ಟೇ. ಮುಂದಕ್ಕೆ ಹೋಗೋದು ಸುಲಭ, ಹಿಂದಕ್ಕೆ ಬರೋದು ಕಷ್ಟ ಅನ್ನೋ ಈ ಒಂದು ಗುಣದ ಮೇಲೇ ಬ್ಯಾಂಕು ವ್ಯವಹಾರದ ಎಷ್ಟೋ ಗುಟ್ಟುಗಳು ಕೂತಿವೆ. 250 ಅಂಕಿಯ ಇಂಥದ್ದೇ ಒಂದು 2020ರಲ್ಲಿ ಒಡೀತು. ಈಗ ಕೆಲಸಕ್ಕೆ ಬಳಸೋದು 600 ಅಂಕಿ ದಾಟಿದವನ್ನ.

ಅನು ಮೆನನ್ ನಿರ್ದೇಶನದ ಸಿನಿಮಾವನ್ನ (2020, ವಿದ್ಯಾ ಬಾಲನ್) ನಾನು ಇಷ್ಟಪಟ್ಟೇ ನೋಡ್ದೆ. ಅಮ್ಮ-ಮಗಳ ಜಗಳವನ್ನ ಮುಚ್ಚಿಡದೆ ತೋರಿಸಿದ್ದಾರೆ, ಅಷ್ಟು ಧೈರ್ಯ ನಮ್ಮ ಜೀವನಚರಿತ್ರೆಗಳಲ್ಲಿ ಕಮ್ಮಿ. ಆದ್ರೆ ಸಂಖ್ಯೆಗಳು ಅಲ್ಲಿ ಮದುವೆ ಮನೆ ಸೀರಿಯಲ್ ಸೆಟ್ಟಿನ ಥರ, ಹೊಳೆಯೋದಕ್ಕೆ ಮಾತ್ರ. ಒಂದೇ ಒಂದು ಲೆಕ್ಕದ ಒಳಗೆ ಕ್ಯಾಮೆರಾ ಹೋಗಲ್ಲ. ಹಾಡಿನವರ ಸಿನಿಮಾ ಮಾಡಿ ಒಂದು ಹಾಡೂ ಕೇಳಿಸದಿದ್ರೆ ಸುಮ್ನಿರ್ತಿದ್ವಾ?

ಇದರಲ್ಲಿ ಬೇಜಾರಿನ ವಿಷಯ ಏನಂದ್ರೆ, ಸ್ವತಃ ಶಕುಂತಲಾ ದೇವಿ ಹಾಗಿರಲಿಲ್ಲ. ಅದೇ 1977ರಲ್ಲಿ ಅವರ ‘ಫಿಗರಿಂಗ್’ ಪುಸ್ತಕ ಬಂತು. ಅದರಲ್ಲಿ ಒಂದೊಂದು ಅಂಕಿಯ ಸ್ವಭಾವವನ್ನ ನೆಂಟರನ್ನ ಪರಿಚಯ ಮಾಡಿಸೋ ಥರ ಹೇಳ್ತಾರೆ. ಘನಮೂಲ ತೆಗೆಯೋ ಉಪಾಯವನ್ನ ಬಿಚ್ಚಿಡ್ತಾರೆ. ವಿಶೇಷ ಸಂಖ್ಯೆಗಳಿಗೇ ಒಂದು ಅಧ್ಯಾಯ ಇದೆ. ಆ ಪುಸ್ತಕದ ಹೆಂಗಸು ಸ್ಟಾಪ್‌ವಾಚ್ ಹಿಡಿದು ನಿಂತಿಲ್ಲ, ಮಗುವಿನ ಪಕ್ಕ ಕೂತಿದ್ದಾಳೆ. ನಮಗೆ ಅವರ ಫೋಟೋ ಬೇಕಾಯ್ತು, ಪುಸ್ತಕ ಬೇಡವಾಯ್ತು.

ಇದು ಹೊಸ ರುಚಿಯೂ ಅಲ್ಲ ನಮ್ಮ ಕಡೆಗೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ ಹಾರದ ಥರ ಎರಡೂ ಕಡೆಯಿಂದ ಒಂದೇ ಆಗಿ ಕಾಣೋ ಗುಣಲಬ್ಧಗಳನ್ನ ಪೋಣಿಸಿದ್ದಾನೆ. 142857143ನ್ನ 7ರಿಂದ ಗುಣಿಸಿ, 1000000001 ಬರುತ್ತೆ. ಎರಡು ತುದಿಗೆ ಒಂದೊಂದು ಮಣಿ, ಮಧ್ಯೆ ಬರೀ ದಾರ. ಎಷ್ಟು ಬೇಗ ಮಾಡ್ದೆ ಅಂತ ಅವನನ್ನ ಯಾರೂ ಕೇಳಿರಲಿಕ್ಕಿಲ್ಲ.

ಅಕ್ಕನ ಹತ್ರ ಮಾತಾಡ್ದೆ, ಕ್ಲಾಸು ಬಿಡಿಸು ಅಂತ. "ಮೂರು ತಿಂಗಳ ಫೀಸು ಕಟ್ಟಿದ್ದೀನಿ ಕಣೋ, ನೀನು ಬೆಂಗಳೂರಲ್ಲಿ ಕೂತು ಹೇಳ್ತೀಯ" ಅಂದ್ಲು. ಅವಳದ್ದೂ ತಪ್ಪಲ್ಲ. ಇನ್ನೂ ತೀರ್ಮಾನ ಆಗಿಲ್ಲ.

ಹೊರಡೋ ಹಿಂದಿನ ಸಂಜೆ ಹುಡುಗಿ ತಾನೇ ಚಾಕ್‌ಪೀಸ್ ತಂದ್ಲು. ವಾಣಿವಿಲಾಸ ಸಾಗರ 1933 ಆದ್ಮೇಲೆ 2022ರಲ್ಲಿ ಕೋಡಿ ಬಿದ್ದಾಗ ಮನೆಮಂದಿಯೆಲ್ಲ ಹೋಗಿ ನೋಡಿದ್ರು. ಆ ಎರಡು ಇಸವಿ ಬರೆದು ಒಡೆಯೋಕೆ ಕೂತಳು. 2022 ಬೇಗ ಬಗ್ಗಿತು: 2 × 3 × 337. ಆಮೇಲೆ 337ಕ್ಕೆ ಸಿಕ್ಕಿಹಾಕಿಕೊಂಡ್ಳು. 7 ಆಗಲ್ಲ, 11 ಆಗಲ್ಲ, 13 ಆಗಲ್ಲ. ಒಳಗಿಂದ ಅಮ್ಮ ಮುದ್ದೆ ಆರಿಹೋಗುತ್ತೆ ಅಂತ ಎರಡು ಸಲ ಕೂಗಿದ್ರು.

"ತಡಿ ಅಜ್ಜಿ, 17 ಒಂದು ನೋಡ್ತೀನಿ."

17 ಹತ್ತೊಂಬತ್ಲ 323. ಉಳಿದಿದ್ದು 14.

"ಸಾಕು, 17ಕ್ಕೆ ನಿಲ್ಲಿಸಬಹುದು" ಅಂದೆ.

"ಯಾಕೆ ಮಾಮ? 19 ಯಾಕೆ ನೋಡಬಾರ್ದು?"

ಹೇಳಲಿಲ್ಲ. ಊಟಕ್ಕೆ ಎದ್ದು ಬಂದೆ. ಅವಳು ಬರೋಕೆ ಇನ್ನೂ ಹತ್ತು ನಿಮಿಷ ಆಯ್ತು, 1933 ಜಗಲಿ ಮೇಲೆ ಹಾಗೇ ಉಳಿದಿತ್ತು.